ಸ್ಕಾಟ್ಲೆಂಡಿನ ಹಳೇ ದೊಡ್ಡಮನೆಗಳಲ್ಲಿ ತಂಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಗ್ಲಾಸ್ಗೋದಲ್ಲಿ. ಊರಿಂದ ಯಾರೇ ಬರಲಿ, ಎಡಿನ್‌ಬರೋ ಕೋಟೆ, ಲಾಕ್ ನೆಸ್ ಆದ ಮೇಲೆ ಕೇಳುವುದು ಒಂದೇ: "ಆ ದೊಡ್ಡ ದೊಡ್ಡ ಬಂಗಲೆಗಳಲ್ಲಿ ಒಂದು ರಾತ್ರಿ ಇರೋಕಾಗುತ್ತಾ?" ಆಗುತ್ತೆ. ಇದನ್ನೇ ಫೋನಲ್ಲಿ, ಮೆಸೇಜಲ್ಲಿ ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಚೆನ್ನಾಗಿ ನೋಡಿರುವ ಏರ್‌ಶೈರ್ ಕಡೆಯ ಮೂರು ಮನೆಗಳ ಸುತ್ತಲೇ ಮಾತು: ಡಂಫ್ರೀಸ್ ಹೌಸ್, ಅಖಿನ್‌ಲೆಕ್ ಹೌಸ್, ಕಲ್ಲೇನ್ ಕಾಸಲ್. ಮೂರೂ ಗ್ಲಾಸ್ಗೋದ ದಕ್ಷಿಣಕ್ಕಿವೆ. ಎರಡು ದಿನದಲ್ಲಿ ಮೂರನ್ನೂ ನೋಡಬಹುದು.

## ಮೊದಲ ಸಲ ಹೋಗುವವರಿಗೆ

ಕಂಟ್ರಿ ಹೌಸ್ ಅಂದ್ರೆ ಏನು? ಅರಮನೆನಾ, ಕೋಟೆನಾ, ಫಾರ್ಮ್‌ಹೌಸಾ?

ಮೂರೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಪಟೇಲರ ಮನೆಗೆ "ದೊಡ್ಡಮನೆ" ಅನ್ನುತ್ತೇವಲ್ಲ, ಅದನ್ನು ಹತ್ತು ಪಟ್ಟು ಹಿಗ್ಗಿಸಿಕೊಳ್ಳಿ. ಸುತ್ತಲಿನ ಸಾವಿರಾರು ಎಕರೆ ಒಂದೇ ಮನೆತನದ್ದು. ಗೇಣಿದಾರರು ಉಳುತ್ತಿದ್ದರು. ಲೆಕ್ಕ ನೋಡಿಕೊಳ್ಳಲು ಫ್ಯಾಕ್ಟರ್ ಅಂತ ಒಬ್ಬ ಇರುತ್ತಿದ್ದ, ನಮ್ಮ ಪಾರುಪತ್ಯಗಾರನ ಹಾಗೆ. ಹೆಸರಲ್ಲಿ ಕಾಸಲ್ ಇದ್ದರೂ ಎಷ್ಟೋ ಮನೆಗಳು ಯುದ್ಧವನ್ನೇ ಕಂಡಿಲ್ಲ. 18ನೇ ಶತಮಾನಕ್ಕೆ ಬರುವಾಗ ಇಲ್ಲಿನ ಜಮೀನ್ದಾರರಿಗೆ ಬೇಕಾಗಿದ್ದು ದಪ್ಪ ಗೋಡೆ ಅಲ್ಲ, ದೊಡ್ಡ ಕಿಟಕಿ.

ನಿಜವಾಗ್ಲೂ ಆ ಮನೆಯೊಳಗೇ ಮಲಗಬಹುದಾ, ಇಲ್ಲಾ ಪಕ್ಕದಲ್ಲೆಲ್ಲೋ ರೂಮ್ ಕೊಡ್ತಾರಾ?

ಇದನ್ನು ಬುಕ್ ಮಾಡುವ ಮೊದಲೇ ಕೇಳಬೇಕು. ಎಷ್ಟೋ ಜನ ಬಂದು ಇಳಿದ ಮೇಲೆ ಕೇಳಿ ಸಪ್ಪೆ ಮುಖ ಮಾಡುತ್ತಾರೆ. ಡಂಫ್ರೀಸ್ ಹೌಸ್‌ನಲ್ಲಿ ಮುಖ್ಯ ಮನೆಯೊಳಗೆ ರೂಮ್ ಸಿಗುವುದಿಲ್ಲ. ತಂಗುವುದು ಅದೇ ಎಸ್ಟೇಟಿನ ಲಾಡ್ಜ್‌ನಲ್ಲಿ, ಅಂದರೆ ಹಿಂದೆ ಆ ಪಾರುಪತ್ಯಗಾರ ಇದ್ದ ಮನೆಯಲ್ಲಿ. ಮುಖ್ಯ ಮನೆಗೆ ಗೈಡ್ ಜೊತೆ ಹೋಗಿ ನೋಡಿಕೊಂಡು ಬರಬೇಕು. ಅಖಿನ್‌ಲೆಕ್ ಹೌಸ್‌ನಲ್ಲಿ ಹಾಗಲ್ಲ, ಇಡೀ ಮನೆಯೇ ನಿಮ್ಮದು. 13 ಜನ ಮಲಗಬಹುದು, ಬೀಗದ ಕೈ ನಿಮ್ಮ ಕೈಲಿ. ಕಲ್ಲೇನ್‌ನಲ್ಲಿ ಕೆಳಗಿನ ಮಹಡಿಗಳು ನೋಡಲು, ಮೇಲಿನ ಮಹಡಿ ತಂಗಲು.

ಆ ಮೇಲಿನ ಮಹಡಿಗೆ ಒಂದು ಕಥೆ ಇದೆ. 1945ರಲ್ಲಿ ಮನೆತನದವರು ಕಲ್ಲೇನನ್ನು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್‌ಗೆ ಕೊಡುವಾಗ, ಎರಡನೇ ಮಹಾಯುದ್ಧ ಗೆದ್ದುಕೊಟ್ಟ ಜನರಲ್ ಐಸೆನ್‌ಹೋವರ್‌ಗೆ ಮೇಲಿನ ಮಹಡಿ ಮೀಸಲಿಡಿ ಅಂತ ಕೇಳಿಕೊಂಡರು. ಆತ ನಾಲ್ಕು ಸಲ ಬಂದು ಹೋದ. ಒಂದು ಸಲವಂತೂ ಅಮೆರಿಕದ ಅಧ್ಯಕ್ಷನಾಗಿದ್ದಾಗಲೇ.

ಈ ಹೆಸರುಗಳನ್ನ ಓದೋದಾದ್ರೂ ಹೇಗೆ?

ಬರೆದ ಹಾಗೆ ಓದಿದರೆ ಟ್ಯಾಕ್ಸಿಯವನಿಗೆ ಅರ್ಥವಾಗಲ್ಲ. ಕಲ್ಲೇನ್ ಅನ್ನುವುದರ ಇಂಗ್ಲಿಷ್ ಕಾಗುಣಿತದಲ್ಲಿ ನಡುವೆ ಒಂದು ಝಡ್ ಇದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಹಳೆಯ ಸ್ಕಾಟ್ಸ್ ಭಾಷೆಯಲ್ಲಿ ಯೋಗ್ ಅಂತ ಒಂದು ಅಕ್ಷರ ಇತ್ತು. ಅಚ್ಚುಕೂಟದವರ ಹತ್ತಿರ ಆ ಮೊಳೆ ಇರಲಿಲ್ಲ, ನೋಡಲು ಹತ್ತಿರ ಅಂತ ಝಡ್ ಹಾಕಿದರು. ನಮ್ಮ ಱ, ೞ ಹೋಗಿ ರ, ಳ ಬಂದು ಕೂತವಲ್ಲ, ಸುಮಾರಾಗಿ ಅದೇ ಕಥೆ. ಅಖಿನ್‌ಲೆಕ್‌ನಲ್ಲಿ ಬರುವ ಖ ಗಂಟಲಿಂದ ಬರಬೇಕು. ಉರ್ದು ಮಾತಾಡುವವರ "ಖಬರ್" ಕೇಳಿದ್ದೀರಲ್ಲ, ಹಾಗೆ.

ಡಂಫ್ರೀಸ್ ಹೌಸ್‌ಗೆ ಡಂಫ್ರೀಸ್ ಸ್ಟೇಷನ್ನಲ್ಲಿ ಇಳೀಬೇಕು ಅಲ್ವಾ?

ಅಲ್ಲ! ದಯವಿಟ್ಟು ಇಳಿಯಬೇಡಿ. ಡಂಫ್ರೀಸ್ ಊರು ಬೇರೆ, ಮನೆ ಬೇರೆ. ಮನೆ ಇರುವುದು ಕಮ್‌ನಾಕ್ ಊರಿನ ಹತ್ತಿರ. ಅರ್ಲ್ ಆಫ್ ಡಂಫ್ರೀಸ್ ಅನ್ನುವ ಬಿರುದಿನವರು ಕಟ್ಟಿಸಿದ್ದಕ್ಕೆ ಆ ಹೆಸರು. ಗ್ಲಾಸ್ಗೋ ಸೆಂಟ್ರಲ್‌ನಿಂದ ಹೊರಡುವ ಅದೇ ರೈಲು ಮೊದಲು ಅಖಿನ್‌ಲೆಕ್‌ನಲ್ಲಿ ನಿಲ್ಲುತ್ತದೆ, ಆಮೇಲೆ ಡಂಫ್ರೀಸ್‌ಗೆ ಹೋಗುತ್ತದೆ. ಹಾಗಾಗಿ ತಪ್ಪುವುದು ಸುಲಭ. ನನ್ನ ಗೆಳೆಯನೊಬ್ಬ ಕಿಟಕಿಯಿಂದ ಅಖಿನ್‌ಲೆಕ್ ಬೋರ್ಡಿನ ಫೋಟೋ ಬೇರೆ ತೆಗೆದು ನನಗೆ ಕಳಿಸಿ, "ಒಳ್ಳೆ ಹೆಸರು ಕಣೋ" ಅಂತ ಬರೆದು, ಹಾಗೇ ಮುಂದೆ ಹೋಗಿಬಿಟ್ಟಿದ್ದ.

ಗ್ಲಾಸ್ಗೋದಿಂದ ಅಖಿನ್‌ಲೆಕ್‌ಗೆ ಸುಮಾರು ಒಂದು ಗಂಟೆ. ಅಲ್ಲಿಂದ ಎರಡೂ ಮನೆಗಳಿಗೆ ಟ್ಯಾಕ್ಸಿ. ಸ್ಟೇಷನ್ ಹೊರಗೆ ಟ್ಯಾಕ್ಸಿ ಕಾಯುತ್ತಿರುತ್ತೆ ಅಂದುಕೊಳ್ಳಬೇಡಿ, ಮೊದಲೇ ಫೋನ್ ಮಾಡಿಡಿ. ಕಲ್ಲೇನ್‌ಗೆ ಹತ್ತಿರದ ಸ್ಟೇಷನ್ ಮೇಬೋಲ್.

ಕಾರ್ ತಗೊಂಡ್ರೆ ನಮ್ಮ ಲೈಸೆನ್ಸ್ ನಡೆಯುತ್ತಾ?

ಭೇಟಿಗೆ ಬಂದವರು 12 ತಿಂಗಳವರೆಗೆ ಭಾರತದ ಲೈಸೆನ್ಸ್‌ನಲ್ಲೇ ಓಡಿಸಬಹುದು. ಇಲ್ಲೂ ಎಡಗಡೆಯೇ. ಎಸ್ಟೇಟ್ ದಾರಿಗಳು ಎಷ್ಟೋ ಕಡೆ ಒಂದೇ ಗಾಡಿ ಅಗಲ, ಎದುರಿಗೆ ಯಾರಾದರೂ ಬಂದರೆ ಪಾಸಿಂಗ್ ಪ್ಲೇಸ್‌ನಲ್ಲಿ ನಿಂತು ದಾರಿ ಬಿಟ್ಟು ಕೈ ಎತ್ತಿ, ಅದೇ ಇಲ್ಲಿನ ನಮಸ್ಕಾರ. ಕುಡಿದು ಓಡಿಸುವ ಮಿತಿ 2014ರ ಡಿಸೆಂಬರ್‌ನಿಂದ ಇಂಗ್ಲೆಂಡಿಗಿಂತ ಇಲ್ಲಿ ಕಡಿಮೆ. ರಾತ್ರಿ ಊಟಕ್ಕೆ ಒಂದು ಗ್ಲಾಸ್ ವೈನ್ ಅನ್ನುವ ಲೆಕ್ಕಾಚಾರವೇ ಬೇಡ.

ಯಾವ ತಿಂಗಳು ಬರೋದು ಒಳ್ಳೇದು?

ಮೇ ಕೊನೆ, ಇಲ್ಲಾ ಜೂನ್. ರೋಡೋಡೆಂಡ್ರನ್ ಮೇ ತಿಂಗಳಲ್ಲಿ ಹೂ ಬಿಡುತ್ತೆ. ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತೆ. ತಂಗುವವರಿಗೆ ಇದೇ ದೊಡ್ಡ ಲಾಭ. ಹಗಲು ನೋಡಲು ಬಂದವರೆಲ್ಲ ಐದು ಗಂಟೆಗೆ ಬಸ್ ಹತ್ತಿ ಹೋದ ಮೇಲೆ ನಿಮಗೆ ಇನ್ನೂ ಐದು ಗಂಟೆ ಬೆಳಕು ಉಳಿದಿರುತ್ತೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ತೋಟ ನೋಡಲು ಬರುವವರು ಚಳಿಗಾಲದಲ್ಲಿ ಬರಬೇಡಿ. ಬೆಂಕಿ ಮುಂದೆ ಕೂತು ಓದಲು ಬರುವವರು ಮಾತ್ರ ಬನ್ನಿ.

## ಮನೆಯೊಳಗೆ

ಹಳೇ ಮನೆ ಅಂತೀರಿ, ಚಳಿ ಜಾಸ್ತಿನಾ?

ಹೌದು. ಹೀಟಿಂಗ್ ಇರುತ್ತೆ, ಆದರೆ ಹದಿನೈದು ಅಡಿ ಎತ್ತರದ ಕೋಣೆಯನ್ನು ಬಿಸಿ ಮಾಡುವುದು ಅಂದರೆ ದೇವಸ್ಥಾನದ ಪ್ರಾಕಾರ ಬಿಸಿ ಮಾಡಿದ ಹಾಗೆ. ಕಿಟಕಿ ಬದಲಾಯಿಸಿ ಎರಡು ಪದರದ ಗಾಜು ಹಾಕಿಸಬಹುದಲ್ಲ ಅಂತ ನಮ್ಮ ಮಾವ ಕೇಳಿದ್ದರು. ಮನಸ್ಸಿಗೆ ಬಂದ ಹಾಗೆ ಆಗಲ್ಲ. ಇಲ್ಲಿ ಹಳೆ ಕಟ್ಟಡಗಳನ್ನು ಎ, ಬಿ, ಸಿ ಅಂತ ಪಟ್ಟಿ ಮಾಡಿರುತ್ತಾರೆ. ಎ ದರ್ಜೆಯ ಮನೆಯಲ್ಲಿ ಕಿಟಕಿ ಮುಟ್ಟುವುದಕ್ಕೂ ಅನುಮತಿ ಬೇಕು.

ಆದರೆ ಹಳಬರು ದಡ್ಡರಲ್ಲ. ಕಿಟಕಿಯ ಎರಡೂ ಪಕ್ಕ ಗೋಡೆಗೆ ಮರದ ಹಲಗೆ ಬಡಿದ ಹಾಗೆ ಕಾಣುತ್ತಲ್ಲ, ಅದು ಗೋಡೆಯಲ್ಲ, ಮಡಿಸಿಟ್ಟ ಬಾಗಿಲು. ಅಂಚಿಗೆ ಬೆರಳು ಹಾಕಿ ಎಳೆದರೆ ಕಿರ್ ಅಂತ ಬಿಚ್ಚಿಕೊಳ್ಳುತ್ತೆ. ಎರಡೂ ಕಡೆಯವು ನಡುವೆ ಸೇರಿದ ಮೇಲೆ ಒಂದು ಕಬ್ಬಿಣದ ಪಟ್ಟಿ ಅಡ್ಡ ಬೀಳಿಸಬೇಕು, ಟಣ್ ಅಂತ ಕೂರುತ್ತೆ. ಅಷ್ಟು ಮಾಡಿ ಪರದೆ ಎಳೆದರೆ ಅರ್ಧ ಚಳಿ ಹೊರಗೇ. ಎಷ್ಟೋ ಜನಕ್ಕೆ ಅಲ್ಲಿ ಹಾಗೊಂದು ಬಾಗಿಲಿದೆ ಅಂತ ಗೊತ್ತೇ ಆಗದೆ ರಾತ್ರಿಯಿಡೀ ನಡುಗುತ್ತಾರೆ. ಉಳಿದರ್ಧಕ್ಕೆ ಉಣ್ಣೆ ಕಾಲುಚೀಲ ತನ್ನಿ.

ನಾವು ಶುದ್ಧ ಸಸ್ಯಾಹಾರಿಗಳು. ಬೆಳಗ್ಗೆ ತಿಂಡಿಗೆ ಏನು ಸಿಗುತ್ತೆ?

ಉಪವಾಸ ಬೀಳಲ್ಲ. ಓಟ್ಸ್ ಗಂಜಿ ಎಲ್ಲಾ ಕಡೆ ಸಿಗುತ್ತೆ. ಹಳೆ ಕಾಲದವರು ಅದಕ್ಕೆ ಸಕ್ಕರೆಯಲ್ಲ, ಉಪ್ಪು ಹಾಕುತ್ತಾರೆ. ನಮ್ಮ ನಾಲಿಗೆಗೆ ಅದೇ ಸರಿ, ಒಂದು ಚೂರು ಮಾವಿನಕಾಯಿ ಉಪ್ಪಿನಕಾಯಿ ಇದ್ದರಂತೂ ಮನೆಯ ಗಂಜಿಯೇ. ಟ್ಯಾಟಿ ಸ್ಕೋನ್ ಅಂದರೆ ಆಲೂಗಡ್ಡೆ ಕಲಸಿ ಕಾವಲಿ ಮೇಲೆ ಸುಟ್ಟದ್ದು. ಏರ್‌ಶೈರ್‌ನ ಎಳೆ ಆಲೂಗಡ್ಡೆಗೂ ಡನ್‌ಲಪ್ ಚೀಸ್‌ಗೂ ಹೆಸರಿದೆ. ಹ್ಯಾಗಿಸ್ ಅಂದರೆ ಕುರಿಯ ಒಳಾಂಗ, ಆದರೆ ಓಟ್ಸ್ ಬೇಳೆಕಾಳು ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಕೂಡ ಸುಲಭವಾಗಿ ಸಿಗುತ್ತೆ, ನನಗೆ ಇಷ್ಟ. ಬ್ಲ್ಯಾಕ್ ಪುಡಿಂಗ್ ಅಂದರೆ ಮಾತ್ರ ಸಿಹಿಯಲ್ಲ, ಅದು ರಕ್ತದ ಸಾಸೇಜ್. ಪುಡಿಂಗ್ ಅನ್ನುವ ಹೆಸರು ನಂಬಿ ತಟ್ಟೆಗೆ ಹಾಕಿಸಿಕೊಳ್ಳಬೇಡಿ.

ಅಡುಗೆಮನೆ ಇದ್ರೆ ನಾವೇ ಅನ್ನ ಸಾರು ಮಾಡ್ಕೋಬಹುದಾ?

ಅಖಿನ್‌ಲೆಕ್‌ನಂಥ ಕಡೆ ನೀವೇ ಮಾಡಿಕೊಳ್ಳಬೇಕು, ಅಲ್ಲಿ ಹೋಟೆಲ್ ಇಲ್ಲ. ಅಕ್ಕಿ, ಬೇಳೆ, ಸಾರಿನ ಪುಡಿ ಗ್ಲಾಸ್ಗೋದಲ್ಲೇ ಕೊಂಡು ಹೋಗಿ, ಹಳ್ಳಿ ಅಂಗಡಿಯಲ್ಲಿ ಕರಿಬೇವು ಹುಡುಕುತ್ತಾ ನಿಲ್ಲಬೇಡಿ.

ಒಗ್ಗರಣೆ ವಿಷಯದಲ್ಲಿ ಮಾತ್ರ ಹುಷಾರು. ಒಂದು ಹಳೆ ಮನೆಯಲ್ಲಿ (ಹೆಸರು ಬೇಡ, ತಪ್ಪು ನಮ್ಮದೇ) ನಮ್ಮತ್ತೆ ಎಣ್ಣೆ ಕಾಯಿಸಿ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ ಹಾಕಿದರು. ಚಟಪಟ ಅಂದಿದ್ದೇ ತಡ, ಮೂರು ಮಹಡಿಯ ಹೊಗೆ ಅಲಾರಂ ಒಟ್ಟಿಗೆ ಹೊಡೆದುಕೊಂಡವು. ಮಲಗಿದ್ದವರೆಲ್ಲ ಶಾಲು ಹೊದ್ದು ಅಂಗಳಕ್ಕೆ ಓಡಿದರು. ಅತ್ತೆ ಮಾತ್ರ ಕೈಯಲ್ಲಿ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದು, "ಸಾರಿಗೆ ಹಾಕಿ ಬರ್ತೀನಿ ಬಿಡಿ" ಅಂತ ಮತ್ತೆ ಒಳಗೆ ಹೊರಟಿದ್ದರು. ಇವು ಹೊರಗೆ ಕಲ್ಲಾದರೂ ಒಳಗೆ ಮರ ತುಂಬಿದ ಮನೆಗಳು, ಬೆಂಕಿ ಬಿದ್ದರೆ ಮುನ್ನೂರು ವರ್ಷದ ಕೆಲಸ ಒಂದು ರಾತ್ರಿಗೆ ಹೋಗುತ್ತೆ, ಅದಕ್ಕೇ ಅಲಾರಂ ಅಷ್ಟು ಸೂಕ್ಷ್ಮ. ಕಿಟಕಿ ತೆಗೆದು, ಬಾಗಿಲು ಹಾಕಿಕೊಂಡು, ಸಣ್ಣ ಉರಿಯಲ್ಲಿ ಮಾಡಿ. ದೀಪ, ಊದುಬತ್ತಿ ಹಚ್ಚುವ ಮೊದಲು ಕೇಳಿಕೊಳ್ಳಿ.

ವಯಸ್ಸಾದ ಅಪ್ಪ ಅಮ್ಮ ಬರ್ತಾರೆ, ಕಷ್ಟ ಆಗುತ್ತಾ?

ಮೆಟ್ಟಿಲು ಜಾಸ್ತಿ. ಬುಕ್ ಮಾಡುವಾಗಲೇ ನೆಲಮಹಡಿಯಲ್ಲಿ ಮಲಗುವ ಕೋಣೆ ಇದೆಯಾ, ಬಚ್ಚಲು ಎಷ್ಟು ದೂರ ಅಂತ ನೇರವಾಗಿ ಕೇಳಿ. ಡಂಫ್ರೀಸ್ ಹೌಸ್‌ನ ತೋಟದ ದಾರಿಗಳು ನಡೆಯಲು ಸಲೀಸು. ಕಲ್ಲೇನ್ ಇರುವುದು ಸಮುದ್ರದ ಬಂಡೆ ಮೇಲೆ, ಗಾಳಿ ಜೋರು.

ಟಿವಿ ಇಲ್ಲ, ವೈಫೈ ಇಲ್ಲ ಅಂತಾರೆ. ಸಂಜೆ ಏನ್ಮಾಡೋದು?

ಅಖಿನ್‌ಲೆಕ್ ಮನೆ ನೋಡಿಕೊಳ್ಳುವುದು ಲ್ಯಾಂಡ್‌ಮಾರ್ಕ್ ಟ್ರಸ್ಟ್. 1965ರಲ್ಲಿ ಶುರುವಾದ ಸಂಸ್ಥೆ. ಬೀಳುವ ಹಂತದಲ್ಲಿದ್ದ ಹಳೆ ಕಟ್ಟಡಗಳನ್ನು ಎತ್ತಿ ನಿಲ್ಲಿಸಿ, ಆಮೇಲೆ ಅತಿಥಿಗಳಿಗೆ ಕೊಟ್ಟು ಆ ದುಡ್ಡಲ್ಲೇ ಸಾಕುವುದು ಅವರ ದಾರಿ. ಟಿವಿ ಇಡುವುದಿಲ್ಲ. ಪುಸ್ತಕ ಇರುತ್ತೆ, ಜೊತೆಗೆ ಬಂದುಹೋದವರು ಬರೆದಿಟ್ಟ ದೊಡ್ಡ ನೋಟ್‌ಬುಕ್ ಇರುತ್ತೆ. ಯಾವ ಕಿಟಕಿಯಿಂದ ಜಿಂಕೆ ಕಂಡಿತು, ಯಾವ ಒಲೆ ಹೊಗೆ ಉಗುಳುತ್ತೆ, ಎಲ್ಲ ಅದರಲ್ಲಿ. ಅದನ್ನು ಮೊದಲು ಓದಿ, ಆಮೇಲೆ ಬ್ಯಾಗ್ ಬಿಚ್ಚಿ.

ಇದು ಜೇಮ್ಸ್ ಬಾಸ್ವೆಲ್ ಮನೆತನದ ಮನೆ, ಇಂಗ್ಲಿಷ್ ನಿಘಂಟು ಮಾಡಿದ ಡಾಕ್ಟರ್ ಜಾನ್ಸನ್ನನ ಜೀವನ ಬರೆದನಲ್ಲ, ಅವನು. ಮನೆ ಕಟ್ಟಿಸಿದ್ದು ಅವನಪ್ಪ, ನ್ಯಾಯಾಧೀಶ. 1773ರಲ್ಲಿ ಮಗ ಜಾನ್ಸನ್ನನ್ನು ಮನೆಗೆ ಕರೆತಂದ. ಅಪ್ಪನ ರಾಜಕೀಯ ಒಂದು, ಜಾನ್ಸನ್‌ದು ಇನ್ನೊಂದು. ಹಳೆ ನಾಣ್ಯ ಪದಕ ತೋರಿಸುತ್ತಾ, ಹಿಂದೆ ರಾಜನ ತಲೆ ತೆಗೆಸಿದ ಕ್ರಾಮ್‌ವೆಲ್ ಮಾತು ಬಂತು, ಇಬ್ಬರೂ ಜಗಳಕ್ಕೆ ಬಿದ್ದರು. ಮಗ ನಡುವೆ ಒದ್ದಾಡಿದ. ರಾಜಕೀಯಕ್ಕೆ ಅಪ್ಪ ಮತ್ತು ಅಳಿಯ ಕೂಗಾಡುವುದನ್ನು ಕಂಡವರಿಗೆ ಆ ಕೋಣೆಯಲ್ಲಿ ಕೂತಾಗ ಏನೂ ಹೊಸದೆನಿಸಲ್ಲ!

ದೆವ್ವ ಇದೆಯಾ?

ನಾನು ಕಂಡಿಲ್ಲ. ಕಲ್ಲೇನ್ ಕೆಳಗೆ ಗುಹೆಗಳಿವೆ. ಅದರೊಳಗೆ ಬ್ಯಾಗ್‌ಪೈಪ್ ಊದುತ್ತಾ ಹೋದವನೊಬ್ಬ ವಾಪಸ್ ಬರಲೇ ಇಲ್ಲ, ಬಿರುಗಾಳಿ ರಾತ್ರಿ ಅವನ ಊದು ಕೇಳುತ್ತೆ ಅನ್ನುತ್ತಾರೆ. ಗಾಳಿಯೂ ಅಲ್ಲಿ ಹಾಗೇ ಊದುತ್ತೆ.

## ತೋಟ, ನಡಿಗೆ

ತೋಟಕ್ಕೆ ಯಾಕೆ ಅಷ್ಟೆತ್ತರದ ಗೋಡೆ? ಕಳ್ಳರ ಭಯನಾ?

ಜಿಂಕೆ, ಮೊಲದ ಕಾಟ ಒಂದು ಕಾರಣ. ಆದರೆ ಅಸಲು ಕಾರಣ ಬಿಸಿಲು. ಹಗಲು ಇಟ್ಟಿಗೆ ಗೋಡೆ ಬಿಸಿ ಕುಡಿಯುತ್ತೆ, ರಾತ್ರಿ ಬಿಡುತ್ತೆ. ಗಾಳಿ ಒಳಗೆ ನುಗ್ಗುವುದಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಪೀಚ್, ಪೇರ್ ಗಿಡಗಳನ್ನು ಬೀಸಣಿಗೆ ಹಾಗೆ ಹರಡಿ ಕಟ್ಟುತ್ತಾರೆ. ಬೇಸಿಗೆ ಅನ್ನುವುದೇ ಮೂರು ತಿಂಗಳಿರುವ ಊರಲ್ಲಿ ಅಷ್ಟು ಮಾಡದಿದ್ದರೆ ಹಣ್ಣಾಗುವುದೇ ಇಲ್ಲ. ಒಂದು ಪ್ರಯೋಗ ಮಾಡಿ ನೋಡಿ: ಸಂಜೆ ಏಳಕ್ಕೆ ಗೋಡೆಗೆ ಅಂಗೈ ಇಡಿ. ಗಾಳಿ ತಣ್ಣಗಿರುತ್ತೆ, ಇಟ್ಟಿಗೆ ಇನ್ನೂ ಬೆಚ್ಚಗೆ, ಈಗ ತಾನೇ ಮಲಗಿ ಎದ್ದ ಹಸುವಿನ ಮೈ ಹಾಗೆ.

ಡಂಫ್ರೀಸ್ ಹೌಸ್‌ನ ಗೋಡೆ ತೋಟ ಐದು ಎಕರೆ. ಪಾಳು ಬಿದ್ದಿದ್ದನ್ನು ಮತ್ತೆ ಕಟ್ಟಿ, 2014ರಲ್ಲಿ ರಾಣಿ ಎಲಿಜಬೆತ್ ಬಂದು ತೆರೆದರು. ಈಗ ಅವರ ಹೆಸರೇ ಅದಕ್ಕೆ. ಕಲ್ಲೇನ್‌ನಲ್ಲಿ ಇನ್ನೊಂದು ಚಂದ. ಅಟ್ಲಾಂಟಿಕ್‌ನ ಬೆಚ್ಚನೆ ನೀರು ಈ ಕರಾವಳಿಗೆ ಬರುವುದರಿಂದ ತಾಳೆ ಜಾತಿಯ ಗಿಡಗಳೂ ಬದುಕುತ್ತವೆ. ಅಲ್ಲಿಂದ ಕಾಣುವ ಗುಡ್ಡದಂಥ ದ್ವೀಪ ಏಲ್ಸಾ ಕ್ರೇಗ್. ಮಂಜುಗಡ್ಡೆ ಮೇಲೆ ಜಾರಿಸುವ ಕರ್ಲಿಂಗ್ ಆಟದ ಕಲ್ಲು ಅದರ ಗ್ರಾನೈಟ್‌ನದು.

ಪಕ್ಕದ ಎಸ್ಟೇಟ್ ಒಳಗೂ ನಡ್ಕೊಂಡು ಹೋಗ್ಬಹುದಾ, ಬೈತಾರಾ?

ಹೋಗಬಹುದು. 2003ರ ಭೂಸುಧಾರಣೆ ಕಾಯ್ದೆ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಬಯಲು, ಕಾಡು, ಗುಡ್ಡದಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ, ಮರ್ಯಾದೆಯಿಂದ ನಡೆದುಕೊಂಡರೆ. ಮನೆಗೆ ಅಂಟಿದ ಅಂಗಳ, ತೋಟ, ಬೆಳೆ ನಿಂತ ಗದ್ದೆ ಬಿಟ್ಟು. ಗೇಟು ತೆಗೆದಿದ್ದರೆ ತೆಗೆದ ಹಾಗೆ, ಮುಚ್ಚಿದ್ದರೆ ಮುಚ್ಚಿದ ಹಾಗೆ ಬಿಟ್ಟು ಹೋಗಿ. ಕುರಿಮರಿ ಇರುವ ಕಡೆ ದೂರ ಇರಿ.

## ಇನ್ನೂ ಕೆದಕುವವರಿಗೆ

ಡಂಫ್ರೀಸ್ ಹೌಸನ್ನ ರಾಜ ಚಾರ್ಲ್ಸ್ ಕೊಂಡ್ಕೊಂಡ್ರಂತೆ, ಅವರ ಸ್ವಂತ ಮನೆನಾ?

ಸ್ವಂತದ್ದಲ್ಲ, ಟ್ರಸ್ಟಿನದು. ಕಥೆ ಸಿನಿಮಾ ಹಾಗಿದೆ.

1754ರಿಂದ 1759ರ ನಡುವೆ ವಾಸ್ತುಶಿಲ್ಪಿಗಳಾದ ಆಡಮ್ ಅಣ್ಣತಮ್ಮಂದಿರು ಕಟ್ಟಿದ ಮನೆ ಇದು. ರಾಬರ್ಟ್ ಆಡಮ್ ಆಗಿನ್ನೂ ಹುಡುಗ, ಇಟಲಿಗೆ ಹೋಗಿ ಹೆಸರು ಮಾಡುವ ಮೊದಲಿನ ಕೆಲಸ. ಐದನೇ ಅರ್ಲ್ ಲಂಡನ್ನಿನ ಹೆಸರಾಂತ ಪೀಠೋಪಕರಣ ಕುಶಲಕರ್ಮಿ ಥಾಮಸ್ ಚಿಪ್ಪೆಂಡೇಲ್ ಹತ್ತಿರ ಮನೆ ತುಂಬ ಮರದ ಸಾಮಾನು ಮಾಡಿಸಿ ತರಿಸಿದ. ಅವು ಇನ್ನೂರೈವತ್ತು ವರ್ಷ ಅದೇ ಕೋಣೆಗಳಲ್ಲಿ ಇದ್ದವು, ಬಿಲ್ಲುಗಳ ಸಮೇತ. ವಿಶೇಷ ಅಂದರೆ ಅದೇ. ಚಿಪ್ಪೆಂಡೇಲ್ ಕುರ್ಚಿ ಎಲ್ಲೋ ಒಂದು ಮ್ಯೂಸಿಯಂನಲ್ಲಿ ಸಿಗುತ್ತೆ, ಆದರೆ ಅದನ್ನು ಯಾವ ಕೋಣೆಗೆ ಅಂತ ಮಾಡಿದನೋ ಅಲ್ಲೇ ನೋಡಲು ಸಿಗುವುದು ಅಪರೂಪ. ಮನೆ ಬ್ಯೂಟ್ ಮನೆತನಕ್ಕೆ ಹೋಯಿತು. ಕೊನೆಗೆ ಅಲ್ಲಿ ಇದ್ದ ಹಿರಿಯ ಹೆಂಗಸು 1993ರಲ್ಲಿ ತೀರಿಕೊಂಡರು. ವಾರಸುದಾರ, ಒಂದು ಕಾಲದ ಫಾರ್ಮುಲಾ ಒನ್ ಓಟಗಾರ, ಎರಡೆರಡು ದೊಡ್ಡಮನೆ ಸಾಕಲು ಆಗಲ್ಲ ಅಂತ ಮಾರಲು ಹೊರಟ.

2007ರ ಜುಲೈನಲ್ಲಿ ಹರಾಜು ಗೊತ್ತಾಗಿತ್ತು. ಬೀಟೆ ಮರದ ಒಂದೇ ಒಂದು ಪುಸ್ತಕದ ಕಪಾಟಿಗೆ 20ರಿಂದ 40 ಲಕ್ಷ ಪೌಂಡ್ ಅಂದಾಜು. ಸಾಮಾನು ಲಾರಿಗೆ ತುಂಬಿ ಲಂಡನ್ ದಾರಿ ಹಿಡಿದಿತ್ತು. ಆಗ ರಾಜಕುಮಾರನಾಗಿದ್ದ ಚಾರ್ಲ್ಸ್ ನೇತೃತ್ವದಲ್ಲಿ 4.5 ಕೋಟಿ ಪೌಂಡ್ ಒಟ್ಟಾಯಿತು, ಅದರಲ್ಲಿ 2 ಕೋಟಿ ಸಾಲ. ಲಾರಿಗಳನ್ನು ದಾರಿಯಲ್ಲೇ ತಿರುಗಿಸಿದರು. ಅಲ್ಲಿಯ ತನಕ ಚಾರ್ಲ್ಸ್ ಆ ಮನೆಯನ್ನು ಕಣ್ಣಾರೆ ನೋಡಿರಲೇ ಇಲ್ಲ. ಮರುವರ್ಷವೇ ಆರ್ಥಿಕ ಕುಸಿತ ಬಂತು, ಸಾಲ ಕುತ್ತಿಗೆಗೆ ಬಂತು, ಪಕ್ಕದಲ್ಲಿ ಮನೆ ಕಟ್ಟಿ ಮಾರುವ ಯೋಜನೆ ಎಣಿಸಿದಷ್ಟು ನಡೆಯಲಿಲ್ಲ. ದಾನಿಗಳ ದುಡ್ಡಲ್ಲಿ ದಡ ಸೇರಿತು.

ಸುತ್ತಲಿನ ಊರುಗಳನ್ನೂ ನೋಡಿ ಬನ್ನಿ. ಇದು ಕಲ್ಲಿದ್ದಲ ಸೀಮೆ. 1980ರ ದಶಕದಲ್ಲಿ ಗಣಿಗಳು ಮುಚ್ಚಿ ಊರೆಲ್ಲ ಕೆಲಸ ಕಳಕೊಂಡಿತು. ಅಖಿನ್‌ಲೆಕ್ ಹತ್ತಿರ ಬ್ಯಾರನಿ ಗಣಿಯ ಕಬ್ಬಿಣದ ಚೌಕಟ್ಟು ಒಂದೇ ಬಯಲಲ್ಲಿ ನಿಂತಿದೆ. ಮನೆ ಉಳಿಸಿದ್ದು ಕುರ್ಚಿಗೋಸ್ಕರ ಮಾತ್ರ ಅಲ್ಲ, ಇಲ್ಲಿನ ಹುಡುಗರಿಗೆ ಅಡುಗೆ, ಕಲ್ಲುಕೆಲಸ, ತೋಟಗಾರಿಕೆ ಕಲಿಸಿ ಕೆಲಸ ಕೊಡಲು ಅನ್ನುತ್ತಾರೆ. ಹಾಗಾಗಿ ನಿಮಗೆ ಕಾಫಿ ತರುವ ಹುಡುಗಿ ಕಲಿಕೆಯಲ್ಲಿದ್ದರೆ ಎರಡು ನಿಮಿಷ ತಡವಾದದ್ದಕ್ಕೆ ಗೊಣಗಬೇಡಿ.

ಮಿಕ್ಕ ಮನೆಗಳೆಲ್ಲ ಏನಾದವು?

ಕಳೆದ ಶತಮಾನದಲ್ಲಿ ನೂರಾರು ಮನೆ ಕೆಡವಿದರು. ವಾರಸು ತೆರಿಗೆ, ಆಳುಕಾಳಿನ ಸಂಬಳ, ಯುದ್ಧದಲ್ಲಿ ಸತ್ತ ಮಕ್ಕಳು. ಸೂರಿಲ್ಲದ ಕಟ್ಟಡಕ್ಕೆ ಇಲ್ಲಿ ಮನೆ ತೆರಿಗೆ ಇರಲಿಲ್ಲ. ಅದಕ್ಕೇ ಮಾಡು ಕಿತ್ತು ಮಳೆಗೆ ಬಿಟ್ಟವರೂ ಇದ್ದಾರೆ. ಹಸಿರು ಬಯಲ ನಡುವೆ ತಲೆ ಇಲ್ಲದ ಗೋಡೆ ಕಂಡರೆ ಬಹಳ ಸಲ ಅದು ಯುದ್ಧದ ಗುರುತಲ್ಲ, ತೆರಿಗೆಯ ಗುರುತು.

ಇದೆಲ್ಲ ನಮ್ಮ ದೇಶದಿಂದ ಹೊತ್ಕೊಂಡು ಹೋದ ದುಡ್ಡೇ ಅಲ್ವಾ?

ಈ ಪ್ರಶ್ನೆ ಬಾರದ ದಿನವಿಲ್ಲ, ಬರಲೇಬೇಕು ಕೂಡ. ಎಲ್ಲ ಮನೆಗೂ ಒಂದೇ ಉತ್ತರ ಇಲ್ಲ. ಈಸ್ಟ್ ಇಂಡಿಯಾ ಕಂಪನಿ ನೌಕರಿಯಲ್ಲಿ ದುಡ್ಡು ಮಾಡಿ ಬಂದು ಎಸ್ಟೇಟ್ ಕೊಂಡವರು ಸ್ಕಾಟ್ಲೆಂಡಿನಲ್ಲಿ ಬೇಕಾದಷ್ಟಿದ್ದಾರೆ. ನಮಗೆ ಹತ್ತಿರದ ಹೆಸರು ಡೇವಿಡ್ ಬೈರ್ಡ್, ಆದರೆ ಅವನು ಕಂಪನಿ ನೌಕರನಲ್ಲ, ಬ್ರಿಟಿಷ್ ರಾಜನ ಸೈನ್ಯದವನು. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರಾಲಿ ಕಡೆಯವರಿಗೆ ಸಿಕ್ಕಿಬಿದ್ದು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದು, 1784ರಲ್ಲಿ ಬಿಡುಗಡೆಯಾದವನು. 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದೆ ನಿಂತ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿ ಹಾಕಿದ್ದಾರೆ ಅನ್ನುವ ಸುದ್ದಿ ಕೇಳಿ ಅವನ ತಾಯಿ, "ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನನ್ನು ದೇವರೇ ಕಾಪಾಡಬೇಕು" ಅಂದಳು ಅಂತ ಇಲ್ಲಿ ಕಥೆ ಹೇಳುತ್ತಾರೆ. ಕೊನೆಗಾಲದಲ್ಲಿ ಪರ್ತ್‌ಶೈರ್‌ನ ಕ್ರೀಫ್ ಹತ್ತಿರ ಅವನಿದ್ದ ಮನೆ ಈಗಿಲ್ಲ. ಗುಡ್ಡದ ಮೇಲೆ ಹೆಂಡತಿ ನಿಲ್ಲಿಸಿದ ಸ್ಮಾರಕ ಕಂಬ ಇದೆ.

ಏರ್‌ಶೈರ್‌ನಲ್ಲಿ ಇನ್ನೊಂದು ಲೆಕ್ಕವೂ ಇದೆ. ಕಲ್ಲೇನ್ ಮನೆತನದ ಜೊತೆ ಸಿಪಿಯೋ ಕೆನಡಿ ಅನ್ನುವ ಹೆಸರಿದೆ. ಆಫ್ರಿಕಾದಿಂದ ಮಗುವಾಗಿದ್ದಾಗ ಗುಲಾಮನಾಗಿ ಬಂದವನು. 1725ರಲ್ಲಿ ಬಿಡುಗಡೆಯಾದರೂ ಅಲ್ಲೇ ಉಳಿದ, ಮದುವೆಯಾದ, ಸಂಸಾರ ಮಾಡಿದ. ಕರ್ಕ್‌ಆಸ್ವಾಲ್ಡ್ ಊರಿನ ಹಳೆ ಸ್ಮಶಾನದಲ್ಲಿ ಅವನ ಕಲ್ಲಿದೆ. ಕಲ್ಲೇನ್‌ನಿಂದ ಹತ್ತೇ ನಿಮಿಷ. ನನ್ನ ಜೊತೆ ಬಂದವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಅಲ್ಲಿ ಮದುವೆ ಮಾಡ್ಕೋಬಹುದಾ?

ಮಾಡಿಕೊಳ್ಳಬಹುದು. ಸ್ಕಾಟ್ಲೆಂಡಿನಲ್ಲಿ ಮದುವೆ ಜಾಗಕ್ಕೆ ಕಟ್ಟುಪಾಡು ಕಡಿಮೆ, ತೋಟದಲ್ಲೂ ಆಗುತ್ತೆ. ಕಾನೂನು ಪ್ರಕಾರ ಆಗಬೇಕಾದರೆ ಇಬ್ಬರೂ ಎಂ10 ಅನ್ನುವ ಫಾರಂ ಕನಿಷ್ಠ 29 ದಿನ ಮೊದಲು ಕೊಟ್ಟಿರಬೇಕು. ಭಾರತದಿಂದ ಬರುವವರಿಗೆ ಮಾಮೂಲಿ ವಿಸಿಟರ್ ವೀಸಾ ಸಾಲದು, ಮದುವೆಗೆ ಬೇರೆ ವೀಸಾ ಇದೆ. ಹೋಮ ಮಾಡುವ ಆಲೋಚನೆ ಇದ್ದರೆ ಮೇಲೆ ಒಗ್ಗರಣೆ ಕಥೆ ಇನ್ನೊಮ್ಮೆ ಓದಿ.

ಮೂರರಲ್ಲಿ ಒಂದೇ ಆರಿಸು ಅಂದ್ರೆ?

ಇಬ್ಬರೇ ಇದ್ದರೆ ಡಂಫ್ರೀಸ್ ಹೌಸ್ ಲಾಡ್ಜ್, ತೋಟಕ್ಕೋಸ್ಕರ. ಸಮುದ್ರ ಬೇಕು, ಖರ್ಚಿಗೆ ಅಂಜಲ್ಲ ಅನ್ನುವವರಿಗೆ ಕಲ್ಲೇನ್. ಆದರೆ ಎರಡು ಮೂರು ಸಂಸಾರ ಸೇರಿ ಬರುವುದಾದರೆ ಅಖಿನ್‌ಲೆಕ್ಕೇ ಸರಿ. ಬಾಡಿಗೆ ನೋಡಿ ಮೊದಲು ಎದೆ ಧಸಕ್ ಅನ್ನುತ್ತೆ, 13ರಿಂದ ಭಾಗಿಸಿ ನೋಡಿ. ಸಾಲದ್ದಕ್ಕೆ ಎರಡೂ ಎಸ್ಟೇಟಿಗೆ ಒಂದೇ ಹೊಳೆ, ಲೂಗರ್ ವಾಟರ್. ಅಖಿನ್‌ಲೆಕ್ ಕಾಡಲ್ಲಿ ಇಳಿದು ಅದರ ದಡದಲ್ಲಿ ಕೂತರೆ, ಮಧ್ಯಾಹ್ನ ಡಂಫ್ರೀಸ್ ಹೌಸ್ ಸೇತುವೆ ಕೆಳಗೆ ನೋಡಿದ ನೀರೇ ಸಂಜೆಗೆ ನಿಮ್ಮ ಕಾಲ ಹತ್ತಿರ ಬಂದಿರುತ್ತೆ.